ಶ್ಯೇನಯಾಗ ಮತ್ತು ವಿಯೆನ್ನಾದ ತರ್ಕ

ಕಳೆದ ಗಣೇಶೋತ್ಸವದಲ್ಲಿ ನಮ್ಮ ಸಭಾಗೃಹದಲ್ಲಿ ನಡೆದ ಉಪನ್ಯಾಸವೊಂದು ಸದಸ್ಯ ಬಂಧುಗಳಿಗೆ ನೆನಪಿರಬಹುದು. ಕಂಪ್ಯೂಟರಿಗೆ ಸಂಸ್ಕೃತದಷ್ಟು ಯೋಗ್ಯವಾದ ಭಾಷೆ ಇನ್ನೊಂದಿಲ್ಲವೆಂದು ಅಮೆರಿಕದವರೇ ಒಪ್ಪಿದ್ದಾರೆ, ನಾವು ಮಾತ್ರ ಒಪ್ಪಿಲ್ಲ ಎಂದು ಭಾಷಣಕಾರರು ಮರುಗಿದಾಗ ಚಪ್ಪಾಳೆ ಜೋರಾಗಿಯೇ ಬಿದ್ದಿತು. ಈ ಮಾತಿನ ಮೂಲ ೧೯೮೫ರಲ್ಲಿ ರಿಕ್ ಬ್ರಿಗ್ಸ್ ಎಂಬವರು ಅಮೆರಿಕದ ಪತ್ರಿಕೆಯೊಂದರಲ್ಲಿ ಬರೆದ ಲೇಖನ. ನಮ್ಮ ವೈಯಾಕರಣರು ವಾಕ್ಯವನ್ನು ಬಿಡಿಸಿ ಅರ್ಥ ಹೇಳುವ ಕ್ರಮಕ್ಕೂ ಯಂತ್ರಕ್ಕೆ ಅರ್ಥ ತಿಳಿಸುವ ಕ್ರಮಕ್ಕೂ ಹೋಲಿಕೆ ಇದೆ ಎಂಬುದು ಅವರ ವಾದ. ಅದು ಬಾಯಿಂದ ಬಾಯಿಗೆ ದಾಟುತ್ತ ಉಪನ್ಯಾಸದ ವೇದಿಕೆಗೆ ಬರುವಷ್ಟರಲ್ಲಿ ಗಾತ್ರದಲ್ಲಿ ಹತ್ತು ಪಟ್ಟಾಗಿತ್ತು. ಪ್ರಶ್ನೋತ್ತರದ ಹೊತ್ತಿಗೆ ನಾನು ಎದ್ದು ನಿಂತು, ನಮ್ಮ ಶಾಸ್ತ್ರಗಳಲ್ಲಿ ಯಾವ ಶಾಸ್ತ್ರ, ಯಾವ ಮಾತು, ಇಂದಿನ ಯಾವ ಕೆಲಸಕ್ಕೆ ಬಂದಿದೆ ಎಂದು ಕೇಳಿದೆ. "ಎಲ್ಲವೂ" ಎಂದರು. ಕುಳಿತುಕೊಂಡೆ.

ಸಭೆ ಮುಗಿದು ಪ್ರಸಾದದ ಸಾಲಿನಲ್ಲಿ ನಿಂತಿದ್ದಾಗ ನಮ್ಮ ಸದಸ್ಯರೊಬ್ಬರ ಮಗ, ಇಂಜಿನಿಯರಿಂಗ್ ಓದಿದ ಹುಡುಗ, "ಅಂಕಲ್, ನಿಮ್ಮ ಪ್ರಶ್ನೆಗೆ ಒಂದು ಉತ್ತರ ಇದೆ, ತಂದುಕೊಡುತ್ತೇನೆ" ಎಂದ. ಮರುವಾರ ತಂದುಕೊಟ್ಟದ್ದು ಹದಿನೈದು ಹದಿನಾರು ಪುಟಗಳ ಒಂದು ಇಂಗ್ಲಿಷ್ ಪ್ರಬಂಧ. ಹೆಸರು 'ಮೀಮಾಂಸಾ ಡಿಯಾಂಟಿಕ್ ಲಾಜಿಕ್: ಪ್ರೂಫ್ ಥಿಯರಿ ಅಂಡ್ ಅಪ್ಲಿಕೇಷನ್ಸ್'. ೨೦೧೫ರಲ್ಲಿ ಪೋಲೆಂಡಿನ ವ್ರೊಟ್ಸ್ವಾಫ್ ನಗರದಲ್ಲಿ ನಡೆದ ತರ್ಕಶಾಸ್ತ್ರ ಸಮ್ಮೇಳನವೊಂದರಲ್ಲಿ ಮಂಡಿತವಾದದ್ದು. ಬರೆದವರು ನಾಲ್ವರು: ಅಗಾಟಾ ಚಾಬಟ್ಟೋನಿ, ಎಲಿಸಾ ಫ್ರೆಸ್ಕಿ, ಫ್ರಾನ್ಚೆಸ್ಕೋ ಜೆಂಕೋ, ಬ್ಯೋರ್ನ್ ಲೆಲ್‌ಮನ್. ಇವರಲ್ಲಿ ಫ್ರೆಸ್ಕಿ ಸಂಸ್ಕೃತ ಬಲ್ಲವರು, ಪ್ರಾಭಾಕರ ಮೀಮಾಂಸೆಯ ಮೇಲೆ ಪುಸ್ತಕ ಬರೆದವರು. ಉಳಿದವರು ವಿಯೆನ್ನಾದ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ತರ್ಕದ ಕೆಲಸ ಮಾಡುತ್ತಿದ್ದವರು. ಲೋಕಲ್ ರೈಲಿನಲ್ಲಿ ಹೋಗುತ್ತ ಬರುತ್ತ ಎರಡು ತಿಂಗಳು ಅದನ್ನು ಓದಿದೆ. ಬಿ.ಎಸ್‌ಸಿ.ಯಲ್ಲಿ ಗಣಿತ ಓದಿದ್ದು ಒಂದಿಷ್ಟು ಉಪಯೋಗಕ್ಕೆ ಬಂತು. ಅದಕ್ಕಿಂತ ಹೆಚ್ಚಾಗಿ ಉಪಯೋಗಕ್ಕೆ ಬಂದದ್ದು ಇಪ್ಪತ್ತು ವರ್ಷ ಸುತ್ತೋಲೆಗಳನ್ನು ಓದಿದ ಅಭ್ಯಾಸ.

ಏಕೆಂದರೆ ಈ ಪ್ರಬಂಧದ ವಸ್ತು 'ಬೇಕು' ಎಂಬ ಒಂದು ಮಾತು. ಕಾಲೇಜಿನಲ್ಲಿ ನಾವು ಕಲಿತ ತರ್ಕಕ್ಕೆ ಗೊತ್ತಿದ್ದದ್ದು ಎರಡೇ: ನಿಜ, ಸುಳ್ಳು. 'ಮಳೆ ಬರುತ್ತಿದೆ' ಎಂಬುದು ನಿಜವೋ ಸುಳ್ಳೋ ಆದೀತು. 'ಅರ್ಜಿಯನ್ನು ಮೂವತ್ತು ದಿನಗಳೊಳಗೆ ವಿಲೇವಾರಿ ಮಾಡಬೇಕು' ಎಂಬುದು ನಿಜವೇ, ಸುಳ್ಳೇ? ಎರಡೂ ಅಲ್ಲ, ಅದು ಆಜ್ಞೆ. ಆದರೂ ಒಂದು ಆಜ್ಞೆಯಿಂದ ಇನ್ನೊಂದು ಹೊರಡುತ್ತದೆ, ಎರಡು ಆಜ್ಞೆಗಳು ಒಂದಕ್ಕೊಂದು ತಾಗುತ್ತವೆ ಎಂಬುದನ್ನು ಯಾವ ಗುಮಾಸ್ತನೂ ಬಲ್ಲ. 'ಆಗಲೇಬೇಕು, ಆಗಬಹುದು' ಎಂಬ ಮಾತುಗಳಿಗೆ ಕಟ್ಟಿದ ತರ್ಕಕ್ಕೆ ಮೋಡಲ್ ಲಾಜಿಕ್ ಎಂದು ಹೆಸರು. ಅದರಲ್ಲಿ 'ಮಾಡಬೇಕು, ಮಾಡಬಹುದು, ಮಾಡಬಾರದು' ಎಂಬ ಕರ್ತವ್ಯದ ಮಾತುಗಳ ಶಾಖೆಯೇ ಡಿಯಾಂಟಿಕ್ ಲಾಜಿಕ್.

ಈ ಶಾಖೆಯ ಜಾತಕ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಆಸ್ಟ್ರಿಯಾದ ಗ್ರಾಜ್ ನಗರದಲ್ಲಿದ್ದ ಅರ್ನ್ಸ್ಟ್ ಮಾಲಿ ೧೯೨೬ರಲ್ಲಿ 'ಬೇಕು'ವಿಗೆ ಮೊಟ್ಟಮೊದಲ ಸೂತ್ರಗಳನ್ನು ಬರೆದರು. ಹದಿಮೂರು ವರ್ಷಗಳ ಮೇಲೆ ಕಾರ್ಲ್ ಮೆಂಗರ್ ಆ ಸೂತ್ರಗಳನ್ನು ಒಂದಕ್ಕೊಂದು ಜೋಡಿಸಿ ನೋಡಿದಾಗ, ಏನು ಇದೆಯೋ ಅದೇ ಇರಬೇಕಾದದ್ದು, ಏನು ಇರಬೇಕೋ ಅದು ಆಗಲೇ ಇದೆ ಎಂದಾಯಿತು! ಎಷ್ಟೋ ಕಚೇರಿಗಳ ವಾರ್ಷಿಕ ವರದಿಗೆ ಇದಕ್ಕಿಂತ ಒಳ್ಳೆಯ ತರ್ಕ ಸಿಗಲಾರದು. ಮುಂದೆ ೧೯೫೧ರಲ್ಲಿ ಫಿನ್ಲೆಂಡಿನ ಫೋನ್ ರಿಕ್ಟ್ ಹೊಸದಾಗಿ ಅಡಿಪಾಯ ಹಾಕಿದರು. ಆ ಅಡಿಪಾಯದ ಮೇಲೆ ಕಟ್ಟಡಗಳು ಎದ್ದವು, ಪ್ರತಿಯೊಂದರಲ್ಲೂ ಬಿರುಕುಗಳು ಕಂಡವು. ಆ ಬಿರುಕುಗಳ ಪಟ್ಟಿಯೇ ಈ ಶಾಸ್ತ್ರದ ಅರ್ಧ ಚರಿತ್ರೆ.

ಈ ನಾಲ್ವರ ಹೊಸತನವೆಂದರೆ, ಸೂತ್ರಗಳನ್ನು ತಮ್ಮ ತಲೆಯಿಂದ ಹೊಸೆಯದೆ ಮೀಮಾಂಸಕರನ್ನು ಕೇಳಿದ್ದು. ಮೀಮಾಂಸೆಯೆಂದರೆ ವೇದದ ವಿಧಿವಾಕ್ಯಗಳಿಗೆ ಅರ್ಥ ಹಚ್ಚುವ ಶಾಸ್ತ್ರ. ಜೈಮಿನಿಯ ಹನ್ನೆರಡು ಅಧ್ಯಾಯಗಳ ಸೂತ್ರಗಳು, ಅವಕ್ಕೆ ಶಬರನ ಭಾಷ್ಯ, ಭಾಷ್ಯದ ಮೇಲೆ ಏಳನೆಯ ಶತಮಾನದ ಸುಮಾರಿಗೆ ಕುಮಾರಿಲ ಮತ್ತು ಪ್ರಭಾಕರರ ಎರಡು ದಾರಿಗಳು. ವೇದಕ್ಕೆ ಕರ್ತೃವಿಲ್ಲ ಎಂಬುದು ಇವರ ನಂಬಿಕೆ. ಹಾಗಾಗಿ ಬರೆದವನ ಮನಸ್ಸಿನಲ್ಲಿ ಏನಿತ್ತು ಎಂದು ಕೇಳುವಂತಿಲ್ಲ. ನಮಗಾದರೆ ಸುತ್ತೋಲೆ ಅರ್ಥವಾಗದಿದ್ದಲ್ಲಿ ಸ್ಪಷ್ಟೀಕರಣ ಕೋರಿ ಮೇಲಕ್ಕೆ ಬರೆದು ಆರು ತಿಂಗಳು ಹಾಯಾಗಿರಬಹುದು. ಅವರಿಗೆ ಆ ಅನುಕೂಲವಿರಲಿಲ್ಲ. ವಾಕ್ಯಗಳನ್ನೇ ಹಿಡಿದು, ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂದು ಹೆಜ್ಜೆ ಹೆಜ್ಜೆಯಾಗಿ ನಿರ್ಣಯಕ್ಕೆ ಬರಬೇಕಾಗಿತ್ತು. ಹೀಗೆ ಹುಟ್ಟಿದ ನೂರಾರು ಅಧಿಕರಣಗಳನ್ನು ಹದಿನಾಲ್ಕನೆಯ ಶತಮಾನದಲ್ಲಿ ಶ್ಲೋಕಗಳಲ್ಲಿ ಅಡಕ ಮಾಡಿ 'ಜೈಮಿನೀಯ ನ್ಯಾಯಮಾಲಾ' ಎಂದು ಪೋಣಿಸಿದವರು ವಿಜಯನಗರದ ಬುಕ್ಕರಾಯನ ಮಂತ್ರಿ ಮಾಧವಾಚಾರ್ಯರು.

ಇದು ಯಜ್ಞಶಾಲೆಯ ಒಳಗಿನ ಚರ್ಚೆಯಷ್ಟೇ ಆಗಿದ್ದರೆ ಈ ಪತ್ರಿಕೆಯ ಪುಟಗಳನ್ನು ನಾನು ಕೆಡಿಸುತ್ತಿರಲಿಲ್ಲ. ಕಲ್ಯಾಣದಲ್ಲಿ, ಎಂದರೆ ನಮ್ಮ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕುಳಿತು ವಿಜ್ಞಾನೇಶ್ವರನು 'ಮಿತಾಕ್ಷರಾ' ಬರೆದದ್ದು ಇದೇ ಮೀಮಾಂಸೆಯ ನ್ಯಾಯಗಳನ್ನು ಹಿಡಿದು. 'ಸಪಿಂಡ' ಎಂಬ ಒಂದು ಪದಕ್ಕೆ ಪಿಂಡ ಹಾಕುವ ಸಂಬಂಧವಲ್ಲ, ಒಂದೇ ಶರೀರದ ಅಂಶ ಹಂಚಿಕೊಂಡ ಸಂಬಂಧ ಎಂದು ಅವನು ಅರ್ಥ ಮಾಡಿದ. ಬಂಗಾಳದ 'ದಾಯಭಾಗ' ಬೇರೆ ಅರ್ಥ ಮಾಡಿತು. ಮಗನಿಗೆ ಹುಟ್ಟಿನಿಂದಲೇ ಹಕ್ಕೋ, ತಂದೆ ತೀರಿದ ಮೇಲೆಯೋ ಎಂಬುದರಲ್ಲೂ ಎರಡು ಗ್ರಂಥಗಳು ಬೇರೆಯಾದವು. ಈ ಭೇದದ ಮೇಲೆ ಬ್ರಿಟಿಷರ ನ್ಯಾಯಾಲಯಗಳು ಭಾರತದ ಮನೆಗಳನ್ನೂ ಹೊಲಗಳನ್ನೂ ಹಂಚಿದವು. ೧೯೫೬ರ ಕಾಯಿದೆ ಬಂದಮೇಲೂ ಮಿತಾಕ್ಷರಾ ಪಿತ್ರಾರ್ಜಿತದ ಲೆಕ್ಕ ಉಳಿಯಿತು. ಹೆಣ್ಣುಮಕ್ಕಳಿಗೆ ಅದರಲ್ಲಿ ಸಮಪಾಲು ಬಂದದ್ದು ೨೦೦೫ರಲ್ಲಿ. ಊರಿನ ಮನೆಯ ಪಾಲಿಗಾಗಿ ಇಲ್ಲಿಂದ ರಾತ್ರಿ ಬಸ್ಸು ಹಿಡಿದು ತಾಲೂಕು ಕಚೇರಿಗೆ ಹೋಗಿಬಂದ ನಮ್ಮ ಸದಸ್ಯರಿಗೆ, ವಿಧಿವಾಕ್ಯದ ಅರ್ಥನಿರ್ಣಯ ಎಂದರೆ ಏನೆಂದು ನಾನು ಹೇಳಬೇಕಾಗಿಲ್ಲ.

ಇನ್ನು ಪ್ರಬಂಧಕ್ಕೆ ಬರೋಣ. ಮೀಮಾಂಸಾ ಗ್ರಂಥಗಳಿಂದ ಲೇಖಕರು ಆಯ್ದುಕೊಂಡದ್ದು ಮೂರು ನ್ಯಾಯಗಳು. ಒಂದನ್ನು ಮಾಡಬೇಕೆಂದು ವಿಧಿಸಿದ್ದು, ಅದು ಆಗಲು ಇನ್ನೊಂದು ಆಗಲೇಬೇಕಾದದ್ದಿದ್ದರೆ, ಆ ಇನ್ನೊಂದೂ ವಿಧಿಸಿದಂತೆಯೇ. ಒಂದಿದ್ದಲ್ಲಿ ಇನ್ನೊಂದು ಇರಲಾರದಂಥ ಎರಡು ಕರ್ಮಗಳನ್ನು ಒಂದೇ ಸಂದರ್ಭದಲ್ಲಿ ವಿಧಿಸಲು ಬರುವುದಿಲ್ಲ. ಎರಡು ಸಂದರ್ಭಗಳು ಹೆಸರಿಗಷ್ಟೇ ಎರಡಾಗಿ ವಾಸ್ತವದಲ್ಲಿ ಒಂದೇ ಆಗಿದ್ದರೆ, ಒಂದಕ್ಕೆ ಹೇಳಿದ ವಿಧಿ ಇನ್ನೊಂದಕ್ಕೂ ಸಲ್ಲುತ್ತದೆ. ಇಷ್ಟೇ ಬಂಡವಾಳ. ಗಮನಿಸಬೇಕಾದದ್ದು, ಇಲ್ಲಿ 'ಬೇಕು' ಒಂಟಿಯಾಗಿ ನಿಲ್ಲುವುದಿಲ್ಲ. 'ಇಂಥ ಸಂದರ್ಭದಲ್ಲಿ ಇಂಥದು ಬೇಕು' ಎಂದು ಎರಡು ಕಾಲಿನ ಮೇಲೆ ನಿಲ್ಲುತ್ತದೆ. ಸಂದರ್ಭವಿಲ್ಲದ ವಿಧಿ ಬಂದರೆ ಅದನ್ನು 'ಎಲ್ಲ ಸಂದರ್ಭಕ್ಕೂ' ಎಂಬ ಮಾತು ಹಾಕಿ ನಿಲ್ಲಿಸುತ್ತಾರೆ.

ಈ ಮೂರನ್ನು ಜರ್ಮನಿಯ ಗೆರ್ಹಾರ್ಡ್ ಗೆಂಟ್ಸನ್ ೧೯೩೪-೩೫ರಲ್ಲಿ ಕಂಡುಹಿಡಿದ ಅಚ್ಚಿಗೆ ಎರೆದಿದ್ದಾರೆ. (೧೯೪೫ರಲ್ಲಿ ಪ್ರಾಗಿನ ಸೆರೆಮನೆಯಲ್ಲಿ ಮೂವತ್ತೈದು ವರ್ಷಕ್ಕೆ ತೀರಿಕೊಂಡ ಮನುಷ್ಯ.) ಪ್ರೂಫ್ ಥಿಯರಿ ಎಂಬುದರ ಮುಖ್ಯ ಉಪಕರಣವೇ ಅದು. ಏನು ಮಾಡಿದನೆಂದು ಫೈಲಿನ ಭಾಷೆಯಲ್ಲಿ ಹೇಳುವೆ. ನಾವು ಟಿಪ್ಪಣಿ ಬರೆಯುವಾಗ "ಇಂಥ ಸುತ್ತೋಲೆಯ ಪ್ರಕಾರ" ಎಂದು ನಡುವೆ ಒಂದು ಉಲ್ಲೇಖ ಹಾಕಿ ಮುಂದೆ ಹೋಗುತ್ತೇವೆ. ಆ ಸುತ್ತೋಲೆ ಫೈಲಿನಲ್ಲಿರುವುದಿಲ್ಲ, ಅದು ಇನ್ನೊಂದನ್ನು ಉಲ್ಲೇಖಿಸುತ್ತದೆ, ಹುಡುಕಹೊರಟರೆ ಕೊನೆಯಿಲ್ಲ. ಗಣಿತದ ಸಾಧನೆಗಳಲ್ಲೂ ಹೀಗೆ ನಡುವೆ ಬಂದು, ಕೆಲಸ ಮುಗಿಸಿ, ಕೊನೆಯ ಸಾಲಿನಲ್ಲಿ ಕಾಣದೆ ಹೋಗುವ ಮಾತುಗಳಿರುತ್ತವೆ. ಈ ನಡುಹೆಜ್ಜೆಗೆ 'ಕಟ್' ಎಂದು ಹೆಸರು. ಗೆಂಟ್ಸನ್ ತೋರಿಸಿದ್ದು, ಇಂಥ ನಡುಹೆಜ್ಜೆಗಳಿಂದ ಸಾಧಿಸಬಹುದಾದುದನ್ನೆಲ್ಲ ಅವಿಲ್ಲದೆಯೂ ಸಾಧಿಸಬಹುದು ಎಂದು. ಆಗ ಸಾಧನೆ ಉದ್ದವಾದೀತು, ಆದರೆ ಅದರಲ್ಲಿ ಬರುವುದೆಲ್ಲ ಪ್ರಶ್ನೆಯೊಳಗೇ ಇದ್ದ ತುಂಡುಗಳು. ಹೊರಗಿನ ಸುತ್ತೋಲೆ ಒಂದೂ ಇಲ್ಲ. ಹುಡುಕಬೇಕಾದ ಜಾಗಕ್ಕೆ ಬೇಲಿ ಬಿದ್ದಂತಾಯಿತು. ಆದ್ದರಿಂದ ಈ ಪ್ರಬಂಧದಲ್ಲಿರುವಂಥ ತರ್ಕದಲ್ಲಿ ಯಾವ ಪ್ರಶ್ನೆ ಕೇಳಿದರೂ ಹೌದು ಅಥವಾ ಇಲ್ಲ ಎಂದು ಯಂತ್ರವೇ ಹೇಳಬಲ್ಲದು, ಹೊತ್ತು ಹಿಡಿದರೂ. ಮೀಮಾಂಸೆಯ ಮೂರು ನ್ಯಾಯಗಳಿಗೆ ಇಂಥ 'ಕಟ್ ಇಲ್ಲದ' ಪದ್ಧತಿಯನ್ನು ನಾಲ್ವರೂ ಸೇರಿ ಕಟ್ಟಿದ್ದಾರೆ. ಇದು ನಿಜವಾದ ಸಾಧನೆ. ಪ್ರಬಂಧದ ಈ ಭಾಗವನ್ನು ನಾನು ಪೆನ್ಸಿಲ್ ಹಿಡಿದು ಮೂರು ಸಲ ಓದಿದೆ. ಮೂರನೆಯ ಸಲಕ್ಕೆ ಕುರ್ಲಾ ಬಂದದ್ದೂ ಹೋದದ್ದೂ ಗೊತ್ತಾಗಲಿಲ್ಲ.

ತಾವು ಕಟ್ಟಿದ ತಕ್ಕಡಿಯಲ್ಲಿ ಅವರು ತೂಗಿ ನೋಡಿದ್ದು ಒಂದು ಹಳೆಯ ಜಗಳವನ್ನು. ಯಾವ ಪ್ರಾಣಿಗೂ ಹಿಂಸೆ ಮಾಡಬಾರದು ಎಂದು ಒಂದು ಕಡೆ ವಚನ. ಶತ್ರುವಿಗೆ ಕೇಡು ಬಗೆಯುವವನು ಶ್ಯೇನಯಾಗ ಮಾಡಬೇಕು ಎಂದು ಇನ್ನೊಂದು ಕಡೆ. ಶ್ಯೇನವೆಂದರೆ ಗಿಡುಗ, ಗಿಡುಗ ಹಕ್ಕಿಯ ಮೇಲೆ ಎರಗುವಂತೆ ಶತ್ರುವಿನ ಮೇಲೆ ಮೃತ್ಯು ಎರಗಲೆಂದು ಮಾಡುವ ಯಾಗ. ಹಾಗಾದರೆ ಕೊಲ್ಲು ಎಂದೂ ಕೊಲ್ಲಬೇಡ ಎಂದೂ ವೇದವೇ ಹೇಳಿತೆ? ಶಬರನಿಂದ ಹಿಡಿದು ಮೀಮಾಂಸಕರೆಲ್ಲ ಇದರ ಮೇಲೆ ತಲೆ ಕೆಡಿಸಿಕೊಂಡಿದ್ದಾರೆ. ವಿಯೆನ್ನಾದವರ ಲೆಕ್ಕದಲ್ಲಿ ಉತ್ತರ ಹೀಗೆ ಬಂತು: ವಿರೋಧವಿಲ್ಲ. ಏಕೆಂದರೆ ಮೊದಲನೆಯ ವಚನದ ಸಂದರ್ಭ 'ಎಲ್ಲಕ್ಕೂ', ಎರಡನೆಯದರ ಸಂದರ್ಭ 'ಕೇಡು ಬಗೆಯುವವನಿಗೆ'. ಎರಡೂ ಒಂದೇ ಅಲ್ಲವಾದ್ದರಿಂದ ಎರಡನೆಯ ನ್ಯಾಯ ಇಲ್ಲಿ ತಾಗುವುದೇ ಇಲ್ಲ. ಎರಡೂ ವಚನಗಳು ಒಟ್ಟಿಗೆ ನಿಲ್ಲುವ ಒಂದು ಲೋಕದ ಚಿತ್ರವನ್ನೂ ಬರೆದು ತೋರಿಸಿದ್ದಾರೆ. ವಿಧಿ ಇಂಥದು ಕರ್ತವ್ಯವೆಂದು ತಿಳಿಸುತ್ತದೆ, ಕೈಹಿಡಿದು ಮಾಡಿಸುವುದಿಲ್ಲ ಎಂಬ ಪ್ರಭಾಕರನ ನಿಲುವಿಗೆ ಇದು ಹೊಂದುತ್ತದೆಂದು ಅವರ ವಾದ.

ಲೆಕ್ಕ ಸರಿಯಾಗಿದೆ, ನಾನೂ ಮಾಡಿ ನೋಡಿದೆ. ಎಲ್ಲರೂ ಎಲ್ಲ ಕಾಲದಲ್ಲೂ ಶತ್ರುವಿನ ಸಾವನ್ನೇ ಬಯಸುವ ಲೋಕವೊಂದಿದ್ದರೆ ಮಾತ್ರ ಎರಡು ಸಂದರ್ಭಗಳೂ ಒಂದೇ ಆಗಿ, ಮೂರನೆಯ ನ್ಯಾಯದ ಮೂಲಕ ವಿರೋಧ ಹೊರಬೀಳುತ್ತದೆ. ಆದರೆ ಈ ಶಾಂತಿಗೆ ತೆತ್ತ ಬೆಲೆಯೇನು? 'ಎಲ್ಲ ಸಂದರ್ಭಕ್ಕೂ ಹಿಂಸೆ ಕೂಡದು' ಎಂಬುದರಿಂದ 'ಕೇಡು ಬಗೆಯುವವನಿಗೆ ಹಿಂಸೆ ಕೂಡದು' ಎಂಬುದು ಈ ತರ್ಕದಲ್ಲಿ ಹೊರಡುವುದಿಲ್ಲ! ಸಾಮಾನ್ಯ ವಿಧಿ ವಿಶೇಷ ಸಂದರ್ಭಕ್ಕೆ ಇಳಿದುಬರುವ ಮೆಟ್ಟಿಲೇ ಇಲ್ಲಿಲ್ಲ. ಅಹಿಂಸೆಯ ಮಾತು ಯಾರಿಗೆ ಬೇಕು? ಕೊಲ್ಲಬೇಕೆಂಬ ಬಯಕೆ ಇಲ್ಲದವನಿಗೆ ಅದನ್ನು ಹೇಳಿ ಫಲವೇನು? ಬಯಕೆ ಇರುವವನ ಮುಂದೆ ನಿಂತಾಗಲೇ ಈ ತರ್ಕದಲ್ಲಿ ಅಹಿಂಸೆಯ ವಚನ ಬಾಯಿ ಕಟ್ಟಿಕೊಳ್ಳುತ್ತದೆ. ಜಗಳ ಬಿಡಿಸಿದ್ದಲ್ಲ, ಇಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿದ್ದು.

ಇದನ್ನು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಹಲವು ವರ್ಷಗಳ ಹಿಂದೆ, ಒಂದು ಕಚೇರಿಯಲ್ಲಿ, ಕೆಲಸದಲ್ಲಿದ್ದಾಗಲೇ ತೀರಿಕೊಂಡ ಜವಾನನೊಬ್ಬನ ಹೆಂಡತಿಯ ಕುಟುಂಬ ಪಿಂಚಣಿಯ ಫೈಲು ನನ್ನ ಮೇಜಿಗೆ ಬಂದಿತ್ತು. ಮೂಲ ದಾಖಲೆಗಳಿಲ್ಲದೆ ಯಾವ ಪಾವತಿಯನ್ನೂ ಮಾಡತಕ್ಕದ್ದಲ್ಲ ಎಂದು ಒಂದು ಆದೇಶ. ಸೇವೆಯಲ್ಲಿರುವಾಗ ತೀರಿಕೊಂಡವರ ಕುಟುಂಬಕ್ಕೆ ತಾತ್ಕಾಲಿಕ ಪಿಂಚಣಿಯನ್ನು ತಡಮಾಡದೆ ಕೊಡತಕ್ಕದ್ದು ಎಂದು ಇನ್ನೊಂದು. ಆಕೆಯ ಮದುವೆಯ ದಾಖಲೆ ಊರಿನ ಮನೆಯೊಂದಿಗೆ ಮಳೆಯಲ್ಲಿ ಹೋಗಿತ್ತು. ನಾನು ಎರಡು ಆದೇಶಗಳನ್ನೂ ಅಕ್ಕಪಕ್ಕದಲ್ಲಿ ಬರೆದು ಮೇಲಕ್ಕೆ ಕಳಿಸಿದೆ. ಕೆಳಕ್ಕೆ ಬಂದ ಟಿಪ್ಪಣಿ ಒಂದೇ ಸಾಲು: ಎರಡು ಆದೇಶಗಳ ನಡುವೆ ವಿರೋಧ ಕಾಣುವುದಿಲ್ಲ. ನಿಜ, ಕಾಗದದ ಮೇಲೆ ವಿರೋಧವಿರಲಿಲ್ಲ. ಒಂದು ಎಲ್ಲ ಪಾವತಿಗಳ ಬಗ್ಗೆ, ಇನ್ನೊಂದು ಸತ್ತವರ ಬಗ್ಗೆ. ಹನ್ನೊಂದು ತಿಂಗಳು ಆ ಹೆಂಗಸು ವೆರಾಂಡದ ಬೆಂಚಿನ ಮೇಲೆ ಕುಳಿತಳು. ನಾನು ಎರಡನೆಯ ಟಿಪ್ಪಣಿಯನ್ನು ಇನ್ನೂ ಗಟ್ಟಿಯಾಗಿ ಬರೆಯಬಹುದಾಗಿತ್ತು, ಬರೆಯಲಿಲ್ಲ. ಹೊಸದಾಗಿ ಸೇರಿದವನು, ಭಯ. ವಿರೋಧವಿಲ್ಲ ಎಂದರೆ ಉತ್ತರ ಸಿಕ್ಕಿತು ಎಂದಲ್ಲ ಎಂಬುದನ್ನು ಆ ಬೆಂಚಿನ ಮುಂದೆ ದಿನಕ್ಕೆರಡು ಸಲ ಹಾದುಹೋಗುತ್ತ ಕಲಿತೆ. ಆದ್ದರಿಂದ ಪ್ರಬಂಧದಲ್ಲಿ ಅದೇ ಮಾತನ್ನು ಸಿದ್ಧಾಂತವಾಗಿ ಕಂಡಾಗ ಮನಸ್ಸು ಒಪ್ಪಲಿಲ್ಲ.

ಮೀಮಾಂಸಕರು ಅಲ್ಲಿಗೇ ನಿಂತವರಲ್ಲ. ವಿಶೇಷವಿಧಿ ಸಾಮಾನ್ಯವಿಧಿಯನ್ನು ಹಿಂದಕ್ಕೆ ಸರಿಸುತ್ತದೆ ಎಂಬುದು ಅವರಲ್ಲಿ ಹಳೆಯ ಮಾತು. ಯಾವುದೂ ಯಾವುದಕ್ಕೂ ಸೋಲದಿದ್ದರೆ ಮಾತ್ರ ವಿಕಲ್ಪ, ಎಂದರೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವುದು. ಯಾಗಕ್ಕೆ ಭತ್ತ ಬಳಸು ಎಂದೂ ಜವೆ ಬಳಸು ಎಂದೂ ಇದ್ದಲ್ಲಿ ಯಾವುದಾದರೊಂದು. ಅದಕ್ಕೂ ಎಂಟು ದೋಷಗಳನ್ನು ಎಣಿಸಿ, ಬೇರೆ ದಾರಿಯೇ ಇಲ್ಲದಾಗ ಮಾತ್ರ ಆ ಬಾಗಿಲು ತೆರೆದರು. ಇವೆರಡನ್ನೂ ತರ್ಕದೊಳಕ್ಕೆ ತರುವ ಕೆಲಸವನ್ನು ಚಾಬಟ್ಟೋನಿ ಮತ್ತು ಲೆಲ್‌ಮನ್ ೨೦೧೮ರಲ್ಲಿ ಇನ್ನೊಬ್ಬ ಸಹೋದ್ಯೋಗಿಯೊಂದಿಗೆ ಮಾಡಿದ್ದಾರೆ. ೨೦೧೫ರ ಪ್ರಬಂಧದಲ್ಲಿಯೇ ಈ ಕೊರತೆಯನ್ನು ಇನ್ನಷ್ಟು ಬಿಡಿಸಿ ಹೇಳಬೇಕಿತ್ತು ಎಂಬುದು ನನ್ನ ಆಕ್ಷೇಪ.

ಎರಡನೆಯ ಆಕ್ಷೇಪ ಕನ್ನಡಿಗರಿಗೆ ತಟ್ಟನೆ ಹೊಳೆಯುವಂಥದು. ಈ ತರ್ಕದಲ್ಲಿ ನಿಷೇಧಕ್ಕೆ ಬೇರೆ ಚಿಹ್ನೆಯಿಲ್ಲ. 'ಮಾಡಬಾರದು' ಎನ್ನಬೇಕಾದಲ್ಲಿ 'ಮಾಡದಿರಬೇಕು' ಎಂದು ಬರೆಯುತ್ತಾರೆ. ಇಂಗ್ಲಿಷಿನಲ್ಲಿ ಈ ಎರಡೂ ಒಂದರೊಳಗೊಂದು ಸುಲಭವಾಗಿ ಕರಗಿಹೋಗಬಹುದು. ನಮ್ಮ ಮಾತಿನಲ್ಲಿ ಹಾಗಾಗುವುದಿಲ್ಲ. "ಏಕಾದಶಿಯ ದಿನ ಊಟ ಮಾಡದಿರಬೇಕು" ಎಂದು ಅಜ್ಜಿ ಹೇಳಿದರೆ ಅದೊಂದು ವ್ರತ, ಹಿಡಿದವರಿಗೆ ಪುಣ್ಯ. "ಬಿದ್ದದ್ದನ್ನು ತಿನ್ನಬಾರದು" ಎಂದರೆ ಅಲ್ಲಿ ಪುಣ್ಯದ ಮಾತಿಲ್ಲ. ತಿಂದರೆ ಬೆನ್ನಿಗೆ ಗುದ್ದು. ಸುಮ್ಮನಿದ್ದದ್ದಕ್ಕೆ ಯಾರೂ ಬಹುಮಾನ ಕೊಡುವುದಿಲ್ಲ. ಮೀಮಾಂಸಕರು ಈ ಭೇದವನ್ನು ಶಾಸ್ತ್ರೀಯವಾಗಿಯೇ ಮಾಡಿದ್ದಾರೆ. ಉದಯಿಸುವ ಸೂರ್ಯನನ್ನು ನೋಡಕೂಡದೆಂಬ ಪ್ರಜಾಪತಿವ್ರತದ ವಚನ ಹೊರನೋಟಕ್ಕೆ ನಿಷೇಧ, ಒಳಗೆ ಸಂಕಲ್ಪ: ನೋಡದಿರುತ್ತೇನೆ ಎಂದು ಮನಸ್ಸು ಮಾಡುವ ಕರ್ಮ. ಕಲಂಜವನ್ನು ತಿನ್ನಬಾರದು ಎಂಬ ವಚನವಾದರೋ ಶುದ್ಧ ನಿಷೇಧ. ಅಲ್ಲಿ ಮಾಡುವುದೇನೂ ಇಲ್ಲ, ಹಿಂದೆ ಸರಿಯುವುದಷ್ಟೇ. ಮೊದಲನೆಯದನ್ನು ಪರ್ಯುದಾಸವೆಂದರು. ಇಷ್ಟು ಸೂಕ್ಷ್ಮವಾಗಿ ಬಿಡಿಸಿಟ್ಟ ಎರಡನ್ನು ಮೀಮಾಂಸೆಯ ಹೆಸರಿನ ತರ್ಕವೇ ಮತ್ತೆ ಒಂದೇ ಚೀಲಕ್ಕೆ ಹಾಕಿದರೆ? ಶ್ಯೇನದ ಜಗಳದಲ್ಲಿ ಒಂದು ಪಕ್ಷ ವಿಧಿ, ಇನ್ನೊಂದು ನಿಷೇಧ. ಎರಡನ್ನೂ 'ಬೇಕು' ಎಂಬ ಒಂದೇ ಅಳತೆಯಲ್ಲಿ ಅಳೆದಾಗ ಜಗಳದ ಅರ್ಧ ಜೀವ ಹೋಗಿರುತ್ತದೆ.

ಸಂದರ್ಭದ ಖಾನೆಯಲ್ಲೂ ಇಂಥದೇ ಬೆರಕೆ. ಗ್ರಹಣ ಹಿಡಿದಾಗ ಸ್ನಾನ ಮಾಡಬೇಕು. ಗ್ರಹಣ ನಮ್ಮನ್ನು ಕೇಳಿ ಬರುವುದಿಲ್ಲ. ಮಳೆ ಬೇಕೆಂಬವನು ಕಾರೀರಿ ಇಷ್ಟಿ ಮಾಡಬೇಕು. ಬೇಡವಾದರೆ ಬಿಟ್ಟ, ಯಾರ ಗಂಟೂ ಹೋಗಲಿಲ್ಲ. ಒಂದು ನಿಮಿತ್ತ, ಇನ್ನೊಂದು ಕಾಮ. ಪ್ರಬಂಧದಲ್ಲಿ ಎರಡೂ ಒಂದೇ ಖಾನೆಗೆ ಬೀಳುತ್ತವೆ. ಶ್ಯೇನಕ್ಕೆ ಹೊರಟವನಿಗೆ 'ಬಯಕೆಯನ್ನೇ ಬಿಡಯ್ಯಾ' ಎನ್ನುವ ದಾರಿಯುಂಟು ಎಂಬುದು ಈ ಖಾನೆಯಲ್ಲಿ ಕಾಣಿಸುವುದಿಲ್ಲ.

ಮೊದಲನೆಯ ನ್ಯಾಯದ ಬಗ್ಗೆಯೂ ಒಂದು ಮಾತು ಇದೆ. ದೀಪ ಹಚ್ಚು ಎಂದರೆ ಎಣ್ಣೆ ಹಾಕು ಎಂದೂ ಹೇಳಿದಂತೆ, ಎಣ್ಣೆಯಿಲ್ಲದೆ ದೀಪವಿಲ್ಲ. ಮೀಮಾಂಸಕರ ನ್ಯಾಯ ಇಷ್ಟನ್ನು ಹೇಳುತ್ತದೆ. ಚಿಹ್ನೆಗಳಿಗೆ ಇಳಿಯುವಾಗ ಅದು 'ತರ್ಕದಿಂದ ಹೊರಡುವುದೆಲ್ಲವೂ' ಎಂದು ಹಿಗ್ಗಿಬಿಟ್ಟಿದೆ. ಹಿಗ್ಗಿದರೆ ಏನಾಗುತ್ತದೆಂಬುದನ್ನು ಡೆನ್ಮಾರ್ಕಿನ ಆಲ್ಫ್ ರಾಸ್ ೧೯೪೧ರಲ್ಲೇ ತೋರಿಸಿದ್ದರು. ಪತ್ರವನ್ನು ಅಂಚೆಗೆ ಹಾಕು ಎಂಬುದು ಆಜ್ಞೆ. ಅಂಚೆಗೆ ಹಾಕಿದರೆ 'ಅಂಚೆಗೆ ಹಾಕಿದ್ದೇನೆ ಅಥವಾ ಸುಟ್ಟಿದ್ದೇನೆ' ಎಂಬುದು ನಿಜವೇ. ಆದ್ದರಿಂದ 'ಪತ್ರವನ್ನು ಅಂಚೆಗೆ ಹಾಕು ಅಥವಾ ಸುಡು' ಎಂಬುದೂ ಆಜ್ಞೆಯಾಯಿತು. ನಮ್ಮ ರವಾನೆ ವಿಭಾಗದವರಿಗೆ ಈ ಸುದ್ದಿ ತಿಳಿಯದಿರಲಿ. ಶಾಸ್ತ್ರಗ್ರಂಥದಲ್ಲಿದ್ದದ್ದು 'ಬೇಕಾಗುವ ಸಾಧನ' ಎಂಬ ಮಾತು. ಪ್ರಬಂಧದಲ್ಲಿ ಬಂದದ್ದು 'ಹೊರಡುವ ಮಾತು'. ಕಟ್ ಇಲ್ಲದ ಅಚ್ಚಿಗೆ ಚೆನ್ನಾಗಿ ಕೂರುವುದು ಎರಡನೆಯದು. ಅಚ್ಚಿಗೆ ತಕ್ಕಂತೆ ಲೋಹವನ್ನು ಬದಲಿಸಿದರೇ ಎಂಬ ಸಂಶಯ ನನಗೆ ಹೋಗಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ, ಈ ಪ್ರಬಂಧವನ್ನು ನಾನು ಗಣೇಶೋತ್ಸವದ ಉಪನ್ಯಾಸಕ್ಕಿಂತ ಬಹಳ ಎತ್ತರದಲ್ಲಿ ಇಡುತ್ತೇನೆ. ಉಪನ್ಯಾಸದಲ್ಲಿ ಮೀಮಾಂಸಕರಿಗೆ ಹಾರ ಹಾಕಿ ಕೂರಿಸಲಾಗಿತ್ತು. ಇಲ್ಲಿ ಅವರ ಮಾತನ್ನು ತಪ್ಪಾಗಲೂ ಬಹುದಾದ ಮಾತೆಂದು ಎಣಿಸಿ, ಸಾಲು ಸಾಲಾಗಿ ಬರೆದು, ಎಲ್ಲಿ ನಿಲ್ಲುತ್ತದೆ ಎಲ್ಲಿ ಕುಸಿಯುತ್ತದೆ ಎಂದು ನೋಡಿದ್ದಾರೆ. ಕುಮಾರಿಲನಿಗೆ ಇದಕ್ಕಿಂತ ದೊಡ್ಡ ಗೌರವ ಬೇಕಿರಲಾರದು. ಅದೇ ಗುಂಪಿನವರು ಹೊಸಬರನ್ನು ಸೇರಿಸಿಕೊಂಡು ೨೦೨೦ರ ನಂತರ ಬರೆದ ಪ್ರಬಂಧಗಳಲ್ಲಿ ನಿಷೇಧಕ್ಕೆ ಬೇರೆ ಚಿಹ್ನೆ ಬಂದಿದೆ, ಕಾಮ್ಯಕರ್ಮಕ್ಕೆ ಬೇರೆ ಚಿಹ್ನೆ ಬಂದಿದೆ. ಪ್ರಭಾಕರ, ಕುಮಾರಿಲ, ಮಂಡನ ಮೂವರಿಗೂ ಒಂದೇ ತರ್ಕವನ್ನು ಹೊಲಿಯದೆ ಒಬ್ಬೊಬ್ಬರಿಗೆ ಒಂದೊಂದನ್ನು ಹೊಲಿದಿದ್ದಾರೆ. ಕುಮಾರಿಲನ ಪ್ರಕಾರ ಶ್ಯೇನ ಫಲದ ಕಡೆಯಿಂದ ಹಿಂಸೆಯಾದ್ದರಿಂದ ಧರ್ಮವಾಗಲಾರದು. ಮಂಡನನಿಗೆ ವಿಧಿಯೆಂದರೆ 'ಇದರಿಂದ ಇಂಥದು ಸಿಗುತ್ತದೆ' ಎಂಬ ತಿಳಿವಳಿಕೆ ಮಾತ್ರ. ಸಿಗುವುದರ ಜೊತೆಗೆ ನರಕವೂ ಬರುತ್ತದೆಯೇ ಎಂಬ ಲೆಕ್ಕ ಮಾಡುವವನಿಗೆ ಬಿಟ್ಟದ್ದು. ಕೊಲ್ಲುವುದಾದರೆ ನಯವಾಗಿ ಕೊಲ್ಲು ಎಂಬ, ೧೯೮೪ರಲ್ಲಿ ಫಾರೆಸ್ಟರ್ ಎಂಬವರು ಮುಂದಿಟ್ಟ ಒಗಟಿಗೂ ಶ್ಯೇನಕ್ಕೂ ಇರುವ ಹೋಲಿಕೆಯನ್ನೂ ಈ ಹೊಸ ಬರಹಗಳಲ್ಲಿ ಚರ್ಚಿಸಿದ್ದಾರೆ.

ಅಂಚೆಯ ಒಗಟು ಮಾತ್ರ ನನಗೆ ಇನ್ನೂ ಮುಳ್ಳಾಗಿಯೇ ಇದೆ. ನಮ್ಮ ಫೈಲುಗಳೆಲ್ಲ ಈಗ ಕಂಪ್ಯೂಟರಿನೊಳಗೆ ಓಡಾಡುತ್ತವೆ; ನಾಳೆ ಟಿಪ್ಪಣಿ ಬರೆಯುವುದೂ ಯಂತ್ರವೇ ಆದರೆ ಅದಕ್ಕೆ ಹೊಲಿಯುವ 'ಬೇಕು' ಯಾವ ಅಳತೆಯದು ಎಂದು ಹುಡುಗನನ್ನು ಕೇಳಿದೆ. "ಯಾರ ಅಳತೆ ಬೇಕು ಹೇಳಿ ಅಂಕಲ್, ಮೂವರದೂ ಇದೆಯಲ್ಲ" ಎಂದು ನಕ್ಕ. ನಾನು ಬೆಂಚಿನ ಮೇಲಿನ ಹೆಂಗಸಿನ ಕಥೆ ಹೇಳಿದೆ. ಅವನು ಮೊಬೈಲ್ ಕೆಳಗಿಟ್ಟು ಕೇಳಿದ. ಕೊನೆಗೆ ಆಕೆಗೆ ಪಿಂಚಣಿ ಹೇಗೆ ಸಿಕ್ಕಿತು ಎಂದ. ಹೊಸದಾಗಿ ಬಂದ ಸೆಕ್ಷನ್ ಆಫೀಸರ್ ಒಬ್ಬರು ಎರಡನೆಯ ಆದೇಶ ವಿಶೇಷವಾದದ್ದು, ಆದ್ದರಿಂದ ಅದೇ ನಡೆಯತಕ್ಕದ್ದು ಎಂದು ಎರಡು ಸಾಲು ಬರೆದು ಸಹಿ ಹಾಕಿದರು ಎಂದೆ.

ಪ್ರಬಂಧದ ಮೊದಲ ನಾಲ್ಕೈದು ಪುಟಗಳನ್ನು ಪಿ.ಯು.ಸಿ. ಓದಿದ ಯಾರಾದರೂ ಓದಬಹುದು. ನಂತರದ ಪುಟಗಳಿಗೆ ಪೆನ್ಸಿಲ್ಲೂ ತಾಳ್ಮೆಯೂ ಬೇಕು. ಝೆರಾಕ್ಸ್ ಪ್ರತಿ ನನ್ನಲ್ಲಿದೆ. ಅಂಚಿನಲ್ಲಿ ನಾನು ಗೀಚಿದ್ದನ್ನು ಕ್ಷಮಿಸುವುದಾದರೆ, ಭಾನುವಾರ ಸಂಘದ ವಾಚನಾಲಯದಲ್ಲಿ ಕೇಳಿ ಪಡೆಯಬಹುದು.